ಕ್ಯುಪರ್ಟಿನೊ: ಹಣ್ಣಿನ ತೋಟದಲ್ಲಿ ಎದ್ದ ಊರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆಂದು ಒಂದು ಹಾಳೆಯ ಮೇಲೆ ಬರೆಯುತ್ತ ಹೋದರೆ ಹಾಳೆಯ ಎರಡು ಬದಿಯೂ ತುಂಬುತ್ತದೆ. ಬಂಧುಗಳನ್ನೂ ಸೇರಿಸಿದರೆ ಇನ್ನೊಂದು ಹಾಳೆ ಬೇಕು. ಅವರಲ್ಲಿ ಬಹುಪಾಲು ಜನ ನೆಲೆಸಿರುವುದು ಸಾಂಟಾ ಕ್ಲಾರಾ ಕಣಿವೆಯಲ್ಲಿ; ಆ ಕಣಿವೆಯ ಪಶ್ಚಿಮದ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿ ಸುಮಾರು 11 ಚದರ ಮೈಲಿಗಳಷ್ಟು ಹರಡಿರುವ ಪುಟ್ಟ ಊರೇ ಕ್ಯುಪರ್ಟಿನೊ. ಮಗಳ ಮನೆಗೆಂದು ಅಲ್ಲಿಗೆ ಮೂರು ಬಾರಿ ಹೋಗಿಬಂದಿದ್ದೇನೆ. ಹೋದಾಗಲೆಲ್ಲ ನಾನು ಕಂಡದ್ದೆಂದರೆ, ಅಲ್ಲಿ ನೆಲೆಸಿರುವ ನಮ್ಮವರಿಗೆ ಆ ಊರಿನ ಶಾಲೆಗಳ ಅಂಕಪಟ್ಟಿ ಕಂಠಪಾಠವಾಗಿದೆ, ಮನೆಗಳ ಬೆಲೆ ನಾಲಗೆಯ ತುದಿಯಲ್ಲಿದೆ. ಆದರೆ ತಾವು ನಿಂತಿರುವ ನೆಲದಲ್ಲಿ ನೂರು ವರ್ಷಗಳ ಹಿಂದೆ ಏನು ಬೆಳೆಯುತ್ತಿತ್ತು, ಯಾರು ಬೆಳೆಯುತ್ತಿದ್ದರು ಎಂಬುದು ಗೊತ್ತಿಲ್ಲ. ಚರಿತ್ರೆಯ ಮೇಷ್ಟರಾಗಿದ್ದವನಿಗೆ ಇದನ್ನು ಕಂಡು ಸುಮ್ಮನಿರಲಾಗುವುದೇ? ಆದ್ದರಿಂದ ಈ ಬರಹ.

ಮೊದಲು ಹೆಸರಿನ ವಿಚಾರ. ಆ ನೆಲದ ಮೂಲನಿವಾಸಿಗಳು ಒಲೋನಿ ಜನ. 1776ರ ಮಾರ್ಚ್ ತಿಂಗಳಲ್ಲಿ ಸ್ಪೇನ್ ದೇಶದ ಸೇನಾಧಿಕಾರಿ ಹುವಾನ್ ಬೌತಿಸ್ತಾ ದೆ ಆನ್ಸಾ ತನ್ನ ತಂಡದೊಡನೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆಗೆ ಸಾಗುವಾಗ ಇಲ್ಲಿನ ಒಂದು ತೊರೆಯ ಬಳಿ ತಂಗಿದ್ದನು. ತಂಡದಲ್ಲಿದ್ದ ಪಾದ್ರಿ ಪೆದ್ರೊ ಫಾಂತ್ ಆ ತೊರೆಗೆ ಇಟಲಿಯ ಸಂತ ಜೋಸೆಫನ ಹೆಸರನ್ನಿಟ್ಟನು. ಆ ಸಂತನ ಹುಟ್ಟೂರು ದಕ್ಷಿಣ ಇಟಲಿಯ ಕೋಪರ್ತಿನೊ. 1603ರಲ್ಲಿ ಹುಟ್ಟಿ 1663ರಲ್ಲಿ ತೀರಿಕೊಂಡ ಈ ಸಂತನಿಗೆ ವಿದ್ಯೆ ಹತ್ತುತ್ತಿರಲಿಲ್ಲವಂತೆ. ಪಾದ್ರಿಯಾಗುವ ಪರೀಕ್ಷೆಯಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದ ಒಂದೇ ಒಂದು ವಾಕ್ಯದ ಮೇಲೆ ಪ್ರಶ್ನೆ ಬಿದ್ದು ಪಾಸಾದನೆಂದು ಐತಿಹ್ಯ. ಹೀಗಾಗಿ ಕ್ಯಾಥೊಲಿಕ್ ಜಗತ್ತಿನಲ್ಲಿ ಅವನು ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳ ಪೋಷಕ ಸಂತ! ಅಮೆರಿಕದಲ್ಲೇ ಅತ್ಯಂತ ಹೆಚ್ಚು ಪರೀಕ್ಷಾಜ್ವರದಿಂದ ನರಳುವ ಊರುಗಳಲ್ಲೊಂದಕ್ಕೆ, ಹೇಗೋ ಪಾಸಾದ ಹುಡುಗನೊಬ್ಬನ ಊರಿನ ಹೆಸರು ಬಂದಿದೆ. ಯಾರೋ ಬೇಕೆಂದೇ ಮಾಡಿದ ತಮಾಷೆಯಂತಿದೆ, ಅಲ್ಲವೆ?

ಸಂತನ ಹೆಸರು ಪಡೆದ ಆ ತೊರೆಗೆ ಈಗ ಸ್ಟೀವನ್ಸ್ ಕ್ರೀಕ್ ಎಂಬ ಹೆಸರು. ಇದು ಇಲೈಶಾ ಸ್ಟೀವನ್ಸ್ ಎಂಬ ಒರಟು ಸ್ವಭಾವದ ಒಂಟಿ ಮನುಷ್ಯನಿಂದ ಬಂದದ್ದು. 1844ರಲ್ಲಿ ಸಿಯೆರಾ ನೆವಾಡಾ ಪರ್ವತಸಾಲನ್ನು ಎತ್ತಿನ ಬಂಡಿಗಳ ಸಮೇತ ಮೊಟ್ಟಮೊದಲು ದಾಟಿದ ವಲಸೆಗಾರರ ತಂಡದ ನಾಯಕನೀತ. ಆಮೇಲೆ ಈ ತೊರೆಯ ದಂಡೆಯಲ್ಲಿ ಜಮೀನು ಮಾಡಿದನು. 1860ರ ದಶಕದಲ್ಲಿ, ಇಲ್ಲಿ ಜನಸಂದಣಿ ಹೆಚ್ಚಾಯಿತೆಂದು ಬೇಸತ್ತು ದಕ್ಷಿಣದ ಬೇಕರ್ಸ್‌ಫೀಲ್ಡ್ ಕಡೆಗೆ ಹೊರಟುಹೋದನೆಂದು ಹೇಳುತ್ತಾರೆ. ಆಗ ಅಲ್ಲಿ ನೆರೆಯ ಮನೆ ಕಾಣಬೇಕಾದರೆ ಕುದುರೆ ಹತ್ತಬೇಕಾಗಿದ್ದ ಕಾಲ! ಊರು ತುಂಬಿಹೋಯಿತು, ಇನ್ನು ಯಾರೂ ಬರಬಾರದು ಎಂಬ ದೂರನ್ನು ಕ್ಯುಪರ್ಟಿನೊದಲ್ಲಿ ಮೊದಲು ಆಡಿದವನು ಅವನೇ ಇರಬೇಕು. ಆ ದೂರು ಇಂದಿಗೂ ನಿಂತಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದು ದ್ರಾಕ್ಷಿಯ ಸೀಮೆ. ಸ್ಯಾನ್ ಫ್ರಾನ್ಸಿಸ್ಕೊದ ವಕೀಲ ಜಾನ್ ಡಾಯ್ಲ್ ತನ್ನ ದ್ರಾಕ್ಷಾರಸದ ಉದ್ಯಮಕ್ಕೆ ಹಳೆಯ ನಕ್ಷೆಯಿಂದ ಕ್ಯುಪರ್ಟಿನೊ ಎಂಬ ಹೆಸರನ್ನು ಎತ್ತಿಕೊಂಡನು. ಅದುವರೆಗೆ ವೆಸ್ಟ್ ಸೈಡ್ ಎಂದು ಕರೆಸಿಕೊಳ್ಳುತ್ತಿದ್ದ ಅಡ್ಡರಸ್ತೆಯ ಹಳ್ಳಿಯ ಅಂಚೆ ಕಚೇರಿಗೆ 1904ರಲ್ಲಿ ಆ ಹೆಸರೇ ನಿಂತಿತು. ಅಷ್ಟರಲ್ಲಿ ಬೇರನ್ನು ಹೀರುವ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬಳ್ಳಿಗಳನ್ನು ನಾಶಮಾಡಿತ್ತು. ರೈತರು ಬಳ್ಳಿ ಕಿತ್ತು ಪ್ಲಮ್, ಜರ್ದಾಳು, ಚೆರ್‍ರಿ ಗಿಡಗಳನ್ನು ನೆಟ್ಟರು. ವಸಂತದಲ್ಲಿ ಇಡೀ ಕಣಿವೆ ಬಿಳಿ ಹೂವಿನಿಂದ ಮುಚ್ಚಿಹೋಗುತ್ತಿತ್ತು. ನೋಡಲೆಂದೇ ಜನ ಬರುತ್ತಿದ್ದರು. ಸಿಲಿಕಾನ್ ಕಣಿವೆ ಎಂಬ ಹೆಸರು ಬರುವುದಕ್ಕೆ ಮೊದಲು ಅದರ ಹೆಸರು 'ಹೃದಯಾನಂದದ ಕಣಿವೆ' ಎಂಬ ಅರ್ಥ ಬರುವಂಥದಾಗಿತ್ತು. ಕ್ರೊಯೇಷಿಯಾದಿಂದ ಬಂದ ಕುಟುಂಬಗಳು ಇಲ್ಲಿ ದೊಡ್ಡ ತೋಟಗಾರರಾದವು. ಅವುಗಳಲ್ಲೊಂದಾದ ಮರಿಯಾನಿ ಕುಟುಂಬ ಒಣಹಣ್ಣಿನ ವ್ಯಾಪಾರದಲ್ಲಿ ಹೆಸರುವಾಸಿ. ಆ್ಯಪಲ್ ಕಂಪನಿಯ ಹಳೆಯ ಪ್ರಧಾನ ಕಚೇರಿಗೆ ತಿರುಗುವ ರಸ್ತೆಗೆ ಮರಿಯಾನಿ ಅವೆನ್ಯೂ ಎಂದೇ ಹೆಸರು. ದಿನಾಲೂ ಆ ರಸ್ತೆಯಲ್ಲಿ ಓಡಾಡಿದ ನನ್ನ ಶಿಷ್ಯರು ಅದು ಯಾರೋ ರಾಜಕಾರಣಿಯ ಹೆಸರೆಂದು ತಿಳಿದಿದ್ದರು.

ಇನ್ನು ಪಠ್ಯಪುಸ್ತಕಗಳು ಬೇಗನೆ ದಾಟಿಹೋಗುವ ಭಾಗಕ್ಕೆ ಬರೋಣ. ತೋಟದ ಒಡೆಯರು ಯೂರೋಪಿನವರಾದರೆ, ಹಣ್ಣು ಆರಿಸಿದವರು, ಒಣಹಾಕಿದವರು ಬಹುಪಾಲು ಚೀನೀಯರು, ಆಮೇಲೆ ಜಪಾನೀಯರು, ಫಿಲಿಪೀನ್ಸಿನವರು, ಮೆಕ್ಸಿಕೊದವರು. 1882ರ ಕಾಯಿದೆ ಚೀನಾದ ಕಾರ್ಮಿಕರ ಪ್ರವೇಶವನ್ನು ತಡೆಯಿತು. 1913ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ ಭೂಕಾಯಿದೆ, 'ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು' ಕೃಷಿಭೂಮಿಯನ್ನು ಹೊಂದಬಾರದೆಂದಿತು. ಪೌರತ್ವಕ್ಕೆ ಅರ್ಹರು ಯಾರು? ಏಷ್ಯದವರಲ್ಲವೆಂದು ಬೇರೆ ಕಾನೂನು ಹೇಳುತ್ತಿತ್ತು. ಎರಡನ್ನೂ ಕೂಡಿಸಿದರೆ ಅರ್ಥ ಸ್ಪಷ್ಟ. ಯಾವ ದೇಶದ ಹೆಸರನ್ನೂ ಎತ್ತದೆ ಏಷ್ಯದವರನ್ನು ಹೊರಗಿಡುವ ಜಾಣತನ. ಪಂಜಾಬಿನಿಂದ ಹೋಗಿ ಅಮೆರಿಕದ ಸೈನ್ಯದಲ್ಲಿಯೂ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವಕ್ಕಾಗಿ ಹೋರಾಡಿದಾಗ, 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಭಾರತೀಯನು ಬಿಳಿಯನೆನಿಸಿಕೊಳ್ಳುವುದಿಲ್ಲವೆಂದು ತೀರ್ಪಿತ್ತಿತು. ಅಂದರೆ, ಇಂದು ಕ್ಯುಪರ್ಟಿನೊದಲ್ಲಿ ಮನೆ ಕೊಂಡಿರುವ ನಮ್ಮ ಹುಡುಗರು ಅದೇ ನೆಲದಲ್ಲಿ ನೂರು ವರ್ಷ ಹಿಂದೆ ಒಂದು ಎಕರೆ ಪ್ಲಮ್ ತೋಟವನ್ನು ತಮ್ಮ ಹೆಸರಿನಲ್ಲಿ ಕೊಳ್ಳುವಂತಿರಲಿಲ್ಲ. ಜಪಾನಿನಿಂದ ಬಂದ ಎಷ್ಟೋ ತಂದೆಯರು ಅಮೆರಿಕದಲ್ಲೇ ಹುಟ್ಟಿದ ತಮ್ಮ ಎಳೆಯ ಮಕ್ಕಳ ಹೆಸರಿನಲ್ಲಿ ಜಮೀನು ಮಾಡುತ್ತಿದ್ದರು.

1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆ ಹೊರಟಿತು. ಸಾಂಟಾ ಕ್ಲಾರಾ ಕಣಿವೆಯ ಜಪಾನೀ ಮೂಲದವರನ್ನು ಮೊದಲು ಸಾಂಟಾ ಅನೀಟಾದ ಕುದುರೆ ಪಂದ್ಯದ ಮೈದಾನಕ್ಕೆ, ಅಲ್ಲಿಂದ ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಎಂಬ ಬಂಧನ ಶಿಬಿರಕ್ಕೆ ಸಾಗಿಸಲಾಯಿತು. ಹಾಗೆ ಹೋದವರಲ್ಲಿ ಹತ್ತು ವರ್ಷದ ಬಾಲಕ ನಾರ್ಮನ್ ಮಿನೇಟಾ ಒಬ್ಬ. ಅವರೇ 1971ರಲ್ಲಿ ಸ್ಯಾನ್ ಹೋಸೆಯ ಮೇಯರ್ ಆದರು, ಮುಂದೆ ಕೇಂದ್ರ ಸಾರಿಗೆ ಸಚಿವರಾದರು; 2022ರಲ್ಲಿ ತೀರಿಕೊಂಡರು. ನೀವು ಅಪ್ಪ ಅಮ್ಮನನ್ನು ಕರೆದುಕೊಂಡು ಬರಲು ಹೋಗುವ ಸ್ಯಾನ್ ಹೋಸೆ ವಿಮಾನ ನಿಲ್ದಾಣದ ಗೋಡೆಯ ಮೇಲಿರುವುದು ಅವರದೇ ಹೆಸರು.

ತೋಟ ಊರಾದ ಬಗೆಯನ್ನು ಈಗ ನೋಡೋಣ. ಯುದ್ಧ ಮುಗಿದ ಮೇಲೆ ಕಣಿವೆಗೆ ಕಾರ್ಖಾನೆಗಳು ಬಂದವು. ಬೆಟ್ಟದ ಮಗ್ಗುಲಲ್ಲಿ ಹೆನ್ರಿ ಕೈಸರ್ 1939ರಲ್ಲೇ ಸಿಮೆಂಟ್ ಕಾರ್ಖಾನೆ ತೆರೆದಿದ್ದನು. ಶಾಸ್ತಾ ಅಣೆಕಟ್ಟಿಗೆ ಸಿಮೆಂಟು ಹೋದದ್ದು ಅಲ್ಲಿಂದಲೇ. (ಅಲ್ಲಿನ ಪರ್ಮನೆಂಟೆ ಎಂಬ ತೊರೆಯ ಹೆಸರೇ ಮುಂದೆ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳಿಗೆ ಬಂದಿತು. ಕಾರ್ಖಾನೆಯ ಕುಲುಮೆಯನ್ನು ಇನ್ನು ಹೊತ್ತಿಸುವುದಿಲ್ಲವೆಂದು ಅದರ ಮಾಲೀಕರು 2022ರಲ್ಲಿ ಸಾರಿದರು.) ಸನಿವೇಲ್‌ನಲ್ಲಿ ಲಾಕ್‌ಹೀಡ್ ಕ್ಷಿಪಣಿ ತಯಾರಿಕೆ 1956ರಲ್ಲಿ ಆರಂಭವಾಯಿತು. ಮನೆಗಳಿಗೆ ಬೇಡಿಕೆ ಬಂದೊಡನೆ ಹಣ್ಣಿಗಿಂತ ನೆಲದ ಬೆಲೆ ಮೇಲಾಯಿತು. ಸ್ಯಾನ್ ಹೋಸೆ ನಗರ ಸುತ್ತಲಿನ ಭೂಮಿಯನ್ನೆಲ್ಲ ನುಂಗುತ್ತ ಬರುತ್ತಿತ್ತು. ಅದರ ಬಾಯಿಗೆ ಬೀಳಬಾರದೆಂದು ಇಲ್ಲಿನವರು 1955ರ ಅಕ್ಟೋಬರ್ 10ರಂದು ತಮ್ಮದೇ ನಗರಾಡಳಿತವನ್ನು ಸ್ಥಾಪಿಸಿಕೊಂಡರು. 1960ರ ಜನಗಣತಿಯಲ್ಲಿ ನಾಲ್ಕು ಸಾವಿರಕ್ಕೂ ಕಡಿಮೆ ಇದ್ದ ಜನಸಂಖ್ಯೆ 2000ದಲ್ಲಿ 50,546, 2010ರಲ್ಲಿ 58,302, 2020ರಲ್ಲಿ 60,381.

ಅರವತ್ತರ ದಶಕದಲ್ಲಿ ಕೆಲವು ಭೂಮಾಲೀಕರು ಕೂಡಿ ತಮ್ಮ ಹೊಲಗಳನ್ನು ಒಟ್ಟುಮಾಡಿ ಒಂದು ಕೈಗಾರಿಕಾ ಉದ್ಯಾನವನ್ನು ರೂಪಿಸಿದರು. ತಮ್ಮ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಅದನ್ನು ವ್ಯಾಲ್ಕೊ ಎಂದು ಕರೆದರು. 1967ರಲ್ಲಿ ದ ಆನ್ಸಾ ಕಾಲೇಜು ತೆರೆಯಿತು. 1976ರಲ್ಲಿ ವ್ಯಾಲ್ಕೊ ಮಾಲ್ ತೆರೆಯಿತು. ಹೋಮ್‌ಸ್ಟೆಡ್ ಹೈಸ್ಕೂಲಿನಲ್ಲಿ ಓದಿದ ಇಬ್ಬರು ಹುಡುಗರು ಕಟ್ಟಿದ ಕಂಪನಿ ಈ ಊರಿಗೆ ಬಂದದ್ದು 1977ರಲ್ಲಿ. ಅದರ ಕಥೆ ಜಗತ್ತಿಗೇ ಗೊತ್ತಿರುವುದರಿಂದ ನಾನು ಬೆಳೆಸುವುದಿಲ್ಲ. ಸ್ಟೀವ್ ಜಾಬ್ಸ್ ಕೊನೆಯ ಬಾರಿ ಸಾರ್ವಜನಿಕವಾಗಿ ಕಾಣಿಸಿಕೊಂಡದ್ದು 2011ರ ಜೂನ್ 7ರಂದು, ಕ್ಯುಪರ್ಟಿನೊ ನಗರಸಭೆಯ ಮುಂದೆ, ಹೊಸ ಕಟ್ಟಡಕ್ಕೆ ಅನುಮತಿ ಕೇಳಲು ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ. ಆ ಉಂಗುರಾಕಾರದ ಕಟ್ಟಡ 2017ರಲ್ಲಿ ಆರಂಭವಾಯಿತು. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದರ ಒಡೆಯನೂ ಪುರಸಭೆಯ ಮೈಕಿನ ಮುಂದೆ ಸರದಿಗೆ ಕಾದು ನಿಂತದ್ದು ನನಗೆ ಮೆಚ್ಚುಗೆಯಾದ ಸಂಗತಿ.

ಮನೆಗಳ ವಿಚಾರವನ್ನು ಮಾತ್ರ ವಿಸ್ತಾರವಾಗಿಯೇ ಹೇಳಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಕೌಂಟಿಯ (ನಮ್ಮ ಜಿಲ್ಲೆಯಂಥದು) ಹಲವಾರು ಬಡಾವಣೆಗಳ ಕ್ರಯಪತ್ರಗಳಲ್ಲಿ ಒಂದು ಷರತ್ತು ಇರುತ್ತಿತ್ತು: ಬಿಳಿಯರಲ್ಲದವರಿಗೆ ಈ ಸ್ವತ್ತನ್ನು ಮಾರತಕ್ಕದ್ದಲ್ಲ, ಅವರು ಇಲ್ಲಿ ವಾಸಿಸತಕ್ಕದ್ದಲ್ಲ, ಮನೆಗೆಲಸದ ಆಳಾಗಿದ್ದರೆ ಅಡ್ಡಿಯಿಲ್ಲ. 1948ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಷರತ್ತುಗಳನ್ನು ಯಾವ ನ್ಯಾಯಾಲಯವೂ ಜಾರಿ ಮಾಡಕೂಡದೆಂದಿತು. ಕಾಗದದ ಮೇಲೆ ಅವು ಉಳಿದವು, ಮನಸ್ಸಿನಲ್ಲಿಯೂ ಉಳಿದವು. 1963ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ ಮನೆ ಮಾರುವಾಗ ಬಾಡಿಗೆ ಕೊಡುವಾಗ ಜನಾಂಗಭೇದ ಮಾಡಬಾರದೆಂದು ಕಾಯಿದೆ ಮಾಡಿದರೆ, ಮರುವರ್ಷವೇ ಆ ರಾಜ್ಯದ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದನ್ನು ತಿರಸ್ಕರಿಸಿ ಮತ ಹಾಕಿದರು! ಇಂದು ಉದಾರತೆಗೆ ಹೆಸರಾದ ಕ್ಯಾಲಿಫೋರ್ನಿಯಾ ಇದೇ. ಆ ಮತವನ್ನು 1967ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು.

ಈ ಕತ್ತಲೆಯಲ್ಲಿ ಒಂದು ಹಣತೆಯೆಂದರೆ ಜೋಸೆಫ್ ಐಕ್ಲರ್ ಎಂಬ ಬಿಲ್ಡರ್. ಗಾಜಿನ ಗೋಡೆಗಳ, ನಡುವೆ ಅಂಗಳವುಳ್ಳ ಮನೆಗಳನ್ನು ಅವನು ಕಣಿವೆಯಲ್ಲೆಲ್ಲ ಕಟ್ಟಿದನು; ನಮ್ಮ ತೊಟ್ಟಿಮನೆಯ ದೂರದ ನೆಂಟನಂತೆ ಕಾಣುವ ಅಂಥ ಇನ್ನೂರಕ್ಕೂ ಹೆಚ್ಚು ಮನೆಗಳು ಕ್ಯುಪರ್ಟಿನೊದ ಫೇರ್‌ಗ್ರೋವ್ ಭಾಗದಲ್ಲಿ ಇಂದಿಗೂ ಇವೆ. ಐಕ್ಲರ್ ಹಣ ಕೊಟ್ಟವರಿಗೆ ಮನೆ ಮಾರಿದನು, ಬಣ್ಣ ನೋಡಲಿಲ್ಲ. ಬಿಲ್ಡರುಗಳ ರಾಷ್ಟ್ರೀಯ ಸಂಘ ಈ ನೀತಿಯನ್ನು ಒಪ್ಪಲಿಲ್ಲವೆಂದು 1958ರಲ್ಲಿ ಅದಕ್ಕೆ ರಾಜೀನಾಮೆ ಕೊಟ್ಟನು. ವ್ಯಾಪಾರಿಯೊಬ್ಬ ತನ್ನ ಗಿರಾಕಿಗಳ ಪೂರ್ವಗ್ರಹಕ್ಕೆ ಎದುರಾಗಿ ನಿಲ್ಲುವುದು ಎಷ್ಟು ಕಷ್ಟವೆಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಹೇಳಬೇಕಾಗಿಲ್ಲ; ನಿಮ್ಮ ಜಾತಿ ಯಾವುದು, ಮಾಂಸ ತಿನ್ನುತ್ತೀರಾ ಎಂದು ಬಾಗಿಲಲ್ಲೇ ಕೇಳಿಸಿಕೊಂಡವರು ನನ್ನ ಶಿಷ್ಯರಲ್ಲೇ ಇದ್ದಾರೆ.

1965ರ ವಲಸೆ ಕಾಯಿದೆ ದೇಶವಾರು ಹಳೆಯ ಮಿತಿಗಳನ್ನು ಕಿತ್ತುಹಾಕಿತು. ಅದಕ್ಕೂ ಮೊದಲು, 1946ರಿಂದ, ಭಾರತಕ್ಕಿದ್ದ ಪಾಲು ವರ್ಷಕ್ಕೆ ನೂರು ಜನ. ನೂರು! ನಮ್ಮ ಶಾಲೆಯ ಒಂದು ತರಗತಿಯ ಎರಡು ವಿಭಾಗಗಳಷ್ಟು. ಹೊಸ ಕಾಯಿದೆ ಕುಶಲರಿಗೂ ಅವರ ಕುಟುಂಬಗಳಿಗೂ ಬಾಗಿಲು ತೆರೆಯಿತು. ಕ್ಯುಪರ್ಟಿನೊಗೆ ಮೊದಲು ದೊಡ್ಡ ಸಂಖ್ಯೆಯಲ್ಲಿ ಬಂದವರು ತೈವಾನಿನವರು. ಉನ್ನತ ವ್ಯಾಸಂಗಕ್ಕೆಂದು ಬಂದು, ಚಿಪ್ ಕಂಪನಿಗಳಲ್ಲಿ ಇಂಜಿನಿಯರುಗಳಾಗಿ, ಮಕ್ಕಳ ಶಾಲೆಗಾಗಿ ಈ ಊರನ್ನು ಆರಿಸಿಕೊಂಡವರು. ಹಿಂದೆಯೇ ಹಾಂಗ್‌ಕಾಂಗ್, ಕೊರಿಯ, ಆಮೇಲೆ ಚೀನಾ. ನಮ್ಮವರು ಎಪ್ಪತ್ತರ ದಶಕದಲ್ಲಿ ಬೆರಳೆಣಿಕೆಯಷ್ಟಿದ್ದರು. ಆದರೂ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಲ್ಲೇ ಹುಟ್ಟಿತು. ನಾಲ್ಕು ಕನ್ನಡಿಗರು ಸೇರಿದರೆ ಒಂದು ಸಂಘ, ಐವರಾದರೆ ಎರಡು ಎಂಬುದು ನಮ್ಮ ಹಳೆಯ ಹಾಸ್ಯ. ಈ ಕೂಟ ಐದು ದಶಕ ದಾಟಿರುವುದನ್ನು ನೋಡಿದರೆ ಆ ಹಾಸ್ಯ ಪೂರ್ತಿ ನಿಜವಲ್ಲ. 1990ರ ಕಾಯಿದೆ ಎಚ್-1ಬಿ ವೀಸಾವನ್ನು ಈಗಿನ ರೂಪಕ್ಕೆ ತಂದ ಮೇಲೆ ಮೈಸೂರು, ಸುರತ್ಕಲ್, ಹುಬ್ಬಳ್ಳಿ, ದಾವಣಗೆರೆಗಳ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಟವರ ಸಾಲು ಬೆಳೆಯಿತು.

ಜನಗಣತಿಯ ಅಂಕಿಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. 2000ದಲ್ಲಿ ಊರಿನ ಅರ್ಧದಷ್ಟು ಜನ ಬಿಳಿಯರು, ಶೇಕಡ 44ರಷ್ಟು ಏಷ್ಯ ಮೂಲದವರು. ಹತ್ತೇ ವರ್ಷದಲ್ಲಿ ಏಷ್ಯ ಮೂಲದವರು ಶೇಕಡ 63, ಬಿಳಿಯರು 31. ಆಗ ಚೀನೀ ಮೂಲದವರು ಶೇಕಡ 28ರಷ್ಟು, ಭಾರತೀಯ ಮೂಲದವರು ಶೇಕಡ 22ರ ಮೇಲೆ. 2020ರ ಹೊತ್ತಿಗೆ ಏಷ್ಯ ಮೂಲದವರು ಮೂರನೆಯ ಎರಡು ಪಾಲನ್ನು ದಾಟಿದರು. ನಗರಸಭೆಗೆ 1995ರಲ್ಲಿ ಆಯ್ಕೆಯಾದ ಮೈಕೆಲ್ ಚಾಂಗ್ 1997ರಲ್ಲಿ ಅಲ್ಲಿನ ಮೊದಲ ಏಷ್ಯನ್ ಅಮೆರಿಕನ್ ಮೇಯರ್ ಆದರು. ಮುಂದೆ ಭಾರತೀಯ ಮೂಲದ ಸವಿತಾ ವೈದ್ಯನಾಥನ್ ಕೂಡ ಆ ಪೀಠದಲ್ಲಿ ಕುಳಿತರು. ಇಟಲಿಯ ಕೋಪರ್ತಿನೊ, ಜಪಾನಿನ ತೊಯೊಕಾವಾ, ತೈವಾನಿನ ಶಿಂಚು, ನಮ್ಮ ಭುವನೇಶ್ವರ ಇವು ಆ ಊರಿನ 'ಸೋದರಿ ನಗರ'ಗಳು.

ಬಹುಸಂಸ್ಕೃತಿ ಎಂದು ಇದನ್ನು ಹೊಗಳುವವರಿದ್ದಾರೆ. ಹೊಗಳಿಕೆಗೆ ಕಾರಣವಿದೆ. ಮೆಮೋರಿಯಲ್ ಪಾರ್ಕಿನಲ್ಲಿ ಒಂದೇ ಹುಲ್ಲುಹಾಸಿನ ಮೇಲೆ ಜಪಾನೀಯರ ಚೆರ್‍ರಿ ಹೂವಿನ ಹಬ್ಬವೂ ನಡೆಯುತ್ತದೆ, ನಮ್ಮ ದೀಪಾವಳಿಯೂ ನಡೆಯುತ್ತದೆ. ಆದರೆ ಅಂಕಿಗಳ ಇನ್ನೊಂದು ಮೂಲೆಯನ್ನೂ ನೋಡಬೇಕು. 2010ರಲ್ಲಿ ಅಲ್ಲಿ ಕಪ್ಪು ಜನಾಂಗದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಇಡೀ ಕೌಂಟಿಯಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚಿರುವ ಹಿಸ್ಪಾನಿಕ್ ಜನ ಇಲ್ಲಿ ನೂರಕ್ಕೆ ನಾಲ್ಕು. ಬೆಳಗ್ಗೆ ಹುಲ್ಲು ಕತ್ತರಿಸಲು, ಮನೆ ಒರೆಸಲು, ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸ್ಪ್ಯಾನಿಷ್ ಮಾತಾಡುವವರು ದೂರದಿಂದ ಬಂದು ಸಂಜೆಗೆ ಹೊರಟುಹೋಗುತ್ತಾರೆ. ಒಂದು ಕಾಲದಲ್ಲಿ ಚರ್ಮದ ಬಣ್ಣ ಮಾಡುತ್ತಿದ್ದ ಕೆಲಸವನ್ನು ಈಗ ಮನೆಯ ಬೆಲೆ ಮಾಡುತ್ತಿದೆ ಎಂಬುದು ನನ್ನ ಅಭಿಪ್ರಾಯ. ಒಂದು ಸಾಧಾರಣ ಮನೆಗೂ ಅಲ್ಲಿ ಇಪ್ಪತ್ತು ಲಕ್ಷ ಡಾಲರಿನ ಮೇಲೆ ತೆರಬೇಕು. ಕುಟುಂಬವೊಂದರ ಮಧ್ಯಮ ವಾರ್ಷಿಕ ಆದಾಯವೇ ಎರಡು ಲಕ್ಷ ಡಾಲರು ಮೀರಿದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ನಮ್ಮವರು ಹೋದಲ್ಲಿ ಜಾತಿಯೂ ಹಿಂದೆಯೇ ಹೋಗುತ್ತದೆ. ತಾರತಮ್ಯದ ಪಟ್ಟಿಗೆ ಜಾತಿಯನ್ನು ಸ್ಪಷ್ಟವಾಗಿ ಸೇರಿಸುವ ಮಸೂದೆಯನ್ನು 2023ರಲ್ಲಿ ಕ್ಯಾಲಿಫೋರ್ನಿಯಾದ ಎರಡೂ ಸದನಗಳು ಒಪ್ಪಿದವು. ಈಗಿರುವ ಕಾನೂನುಗಳೇ ಸಾಕೆಂದು ಗವರ್ನರ್ ನ್ಯೂಸಮ್ ಅಕ್ಟೋಬರಿನಲ್ಲಿ ಅದನ್ನು ತಡೆದರು. ಮಸೂದೆಯ ಪರವಾಗಿಯೂ ವಿರುದ್ಧವಾಗಿಯೂ ನನಗೆ ಮಿಂಚಂಚೆ ಕಳಿಸಿದವರಿದ್ದಾರೆ. ಥಿಂಡ್ ಅವರ ಮೊಕದ್ದಮೆಯನ್ನು ಪೂರ್ತಿಯಾಗಿ ಓದಿರೆಂದು ಎರಡು ಪಕ್ಷದವರಿಗೂ ನಾನು ಉತ್ತರಿಸಿದೆ. ತಾನು ಉಚ್ಚ ಜಾತಿಯ ಆರ್ಯನಾದ್ದರಿಂದ ಬಿಳಿಯನೆಂಬುದೇ ಅಲ್ಲಿ ಅವರ ಕಡೆಯ ವಾದವಾಗಿತ್ತು.

ಈಗ ಶಾಲೆಗಳ ವಿಷಯ. ಇಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಕೈ ಇದು. ಮಾಂಟಾ ವಿಸ್ಟಾ, ಲಿನ್‌ಬ್ರೂಕ್ ಹೈಸ್ಕೂಲುಗಳ ಹೆಸರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಕುಳಿತ ಅಜ್ಜ ಅಜ್ಜಿಯರಿಗೂ ಗೊತ್ತು. 2005ರ ನವೆಂಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಒಂದು ವರದಿ ಪ್ರಕಟಿಸಿತು: ಈ ಶಾಲೆಗಳಲ್ಲಿ ಏಷ್ಯದ ಮಕ್ಕಳೊಂದಿಗಿನ ಪೈಪೋಟಿ ಅತಿಯಾಯಿತೆಂದು ಬಿಳಿಯ ಕುಟುಂಬಗಳು ದೂರ ಸರಿಯುತ್ತಿವೆ ಎಂಬುದು ಅದರ ಸಾರ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ವರದಿ ಉತ್ಪ್ರೇಕ್ಷೆಯೆಂದವರುಂಟು. ನಾನು ಕಂಡಂತೆ, ಕ್ಯುಪರ್ಟಿನೊದ ಹದಿನೈದರ ಮಗುವಿನ ದಿನಚರಿ ನಮ್ಮ ಮಂಗಳೂರಿನ ಪಿಯುಸಿ ಮಗುವಿನ ದಿನಚರಿಗಿಂತ ಹಗುರವಾಗಿಲ್ಲ. ಮೂರೂವರೆಗೆ ಶಾಲೆ ಬಿಟ್ಟರೆ ಗಣಿತದ ಕೋಚಿಂಗ್, ಅಲ್ಲಿಂದ ಈಜು, ಅಲ್ಲಿಂದ ಪಿಟೀಲು ಅಥವಾ ಭರತನಾಟ್ಯ, ಭಾನುವಾರ ಕನ್ನಡ ತರಗತಿ. ಮಗು ಕಾರಿನಲ್ಲೇ ಉಣ್ಣುತ್ತದೆ. ಮಗಳ ಮನೆಯ ಬೀದಿಯಲ್ಲಿ ಸಂಜೆ ಐದಕ್ಕೆ ಮಕ್ಕಳ ಸದ್ದು ಕೇಳದೆ, ಇಲ್ಲಿ ಮಕ್ಕಳೇ ಇಲ್ಲವೇನೋ ಎಂದು ಮೊದಲ ವಾರ ನಾನು ಕೇಳಿದ್ದುಂಟು.

ಸದ್ದು ಕೇಳಿಸುವುದು ಮುದುಕರದು. ಆರು ತಿಂಗಳ ವೀಸಾದ ಮೇಲೆ ಬಂದ ಅಜ್ಜ ಅಜ್ಜಿಯರು ಬೆಳಗ್ಗೆ ಪಾರ್ಕಿನ ಬೆಂಚುಗಳಲ್ಲಿ ಭಾಷಾವಾರು ಪ್ರಾಂತಗಳಂತೆ ಹಂಚಿಕೊಂಡು ಕೂತಿರುತ್ತಾರೆ. ಒಂದು ದಿನ ತೈವಾನಿನ ನಿವೃತ್ತ ಶಿಕ್ಷಕರೊಬ್ಬರ ಪಕ್ಕದಲ್ಲಿ ಕೂತೆ. ಇಬ್ಬರದೂ ಹರಕುಮುರುಕು ಇಂಗ್ಲಿಷು. ಮೊಮ್ಮಗನೊಡನೆ ಯಾವ ಭಾಷೆ ಆಡುತ್ತೀರೆಂದು ಕೇಳಿದೆ. ಅವರು ನಕ್ಕು, ತಾನು ಒಂದು ಭಾಷೆಯಲ್ಲಿ ಕೇಳುತ್ತೇನೆ, ಅವನು ಇನ್ನೊಂದರಲ್ಲಿ ಉತ್ತರಿಸುತ್ತಾನೆ ಎಂದರು. ನನ್ನ ಮನೆಯಲ್ಲಿಯೂ ಅದೇ ಎಂದೆ.

ಆ ಶಾಲೆಗಳು ಈಗ ಬರಿದಾಗುತ್ತಿವೆ ಎಂದರೆ ನಂಬುತ್ತೀರಾ? ಕ್ಯುಪರ್ಟಿನೊ ಯೂನಿಯನ್ ಶಾಲಾ ಜಿಲ್ಲೆಯಲ್ಲಿ ಸುಮಾರು ಒಂದು ದಶಕದ ಹಿಂದೆ ಹತ್ತೊಂಬತ್ತು ಸಾವಿರದ ಹತ್ತಿರವಿದ್ದ ಮಕ್ಕಳ ಸಂಖ್ಯೆ 2022ರ ಹೊತ್ತಿಗೆ ಹದಿನಾಲ್ಕು ಸಾವಿರಕ್ಕಿಂತ ಕೆಳಗಿಳಿಯಿತು. 2021ರ ಅಕ್ಟೋಬರಿನಲ್ಲಿ ಆಡಳಿತ ಮಂಡಳಿ ಮತ ಹಾಕಿ ರೆಗ್ನಾರ್ಟ್ ಮತ್ತು ಮೈಯರ್‌ಹೋಲ್ಜ್ ಎಂಬ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಪಾಲಕರು ಅತ್ತರು, ಫಲಕ ಹಿಡಿದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಶಾಲೆ ಒಳ್ಳೆಯದಾದ್ದರಿಂದ ಮನೆಯ ಬೆಲೆ ಏರಿತು, ಬೆಲೆ ಏರಿದ್ದರಿಂದ ಚಿಕ್ಕ ಮಕ್ಕಳಿರುವ ತರುಣ ದಂಪತಿಗಳು ಕೊಳ್ಳಲಾರದೆ ಹೋದರು, ಕೊಳ್ಳುವ ಹೊತ್ತಿಗೆ ಮಗು ಹೈಸ್ಕೂಲಿನಲ್ಲಿರುತ್ತದೆ. ಮಕ್ಕಳು ಬೆಳೆದು ಹೊರಟುಹೋದ ಮೇಲೂ ಹಿರಿಯರು ಮನೆ ಬಿಡುವುದಿಲ್ಲ.

ಬಿಡದಿರಲು ಕಾನೂನಿನ ಕಾರಣವೂ ಇದೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ಹದಿಮೂರನೆಯ ಪ್ರಸ್ತಾವದ ಪ್ರಕಾರ ಮನೆಯ ಮೂಲ ಕಂದಾಯ ಅದರ ಮೌಲ್ಯದ ಶೇಕಡ ಒಂದು; ಆ ಮೌಲ್ಯ, ಮನೆ ಕೈಬದಲಾಗುವವರೆಗೆ, ವರ್ಷಕ್ಕೆ ಶೇಕಡ ಎರಡಕ್ಕಿಂತ ಹೆಚ್ಚು ಏರುವಂತಿಲ್ಲ. ಲೆಕ್ಕ ಹಾಕೋಣ (ಗಣಿತದ ಮೇಷ್ಟರು ಕ್ಷಮಿಸಲಿ). 1978ರಲ್ಲಿ ಒಂದು ಲಕ್ಷ ಡಾಲರಿಗೆ ಕೊಂಡ ಮನೆ ನಲವತ್ತು ವರ್ಷದ ನಂತರ ಕಂದಾಯದ ಪುಸ್ತಕದಲ್ಲಿ ಹೆಚ್ಚೆಂದರೆ ಎರಡು ಲಕ್ಷದ ಇಪ್ಪತ್ತು ಸಾವಿರ; ಕಂದಾಯ 2,200 ಡಾಲರು. ಪಕ್ಕದ ಅಂಥದೇ ಮನೆಯನ್ನು ಇಪ್ಪತ್ತೈದು ಲಕ್ಷಕ್ಕೆ ಕೊಂಡ ನಮ್ಮ ಹುಡುಗ ಕಟ್ಟಬೇಕಾದದ್ದು 25,000 ಡಾಲರು. ಒಂದೇ ಬೀದಿ, ಒಂದೇ ಚರಂಡಿ, ಒಂದೇ ದೀಪದ ಕಂಬ. ವೃದ್ಧರನ್ನು ಮನೆಯಿಂದ ಎಬ್ಬಿಸಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಅದರ ಭಾರ ಬಿದ್ದದ್ದು ಹೊಸದಾಗಿ ಬಂದವರ ಹೆಗಲ ಮೇಲೆ.

ಹೊಸ ಮನೆಗಳನ್ನು ಕಟ್ಟಬಹುದಲ್ಲ ಎಂದರೆ, ಸ್ಟೀವನ್ಸ್‌ನ ದೂರು ಮರುಕಳಿಸುತ್ತದೆ. ವ್ಯಾಲ್ಕೊ ಮಾಲ್ ವ್ಯಾಪಾರವಿಲ್ಲದೆ ಪಾಳುಬಿದ್ದಿತು. ಆ ಜಾಗದಲ್ಲಿ ಸುಮಾರು 2,400 ಮನೆಗಳು, ಅವುಗಳಲ್ಲಿ ಅರ್ಧ ಕಡಿಮೆ ಆದಾಯದವರಿಗೆ ಎಂಬ ಯೋಜನೆಗೆ ರಾಜ್ಯದ ಹೊಸ ಕಾನೂನಿನ ಬಲದಿಂದ 2018ರಲ್ಲಿ ಅನುಮತಿ ಸಿಕ್ಕಿತು. ವಾಹನ ಸಂದಣಿ ಹೆಚ್ಚುತ್ತದೆ, ಊರಿನ ಲಕ್ಷಣ ಕೆಡುತ್ತದೆ ಎಂದು ನಿವಾಸಿಗಳು ನ್ಯಾಯಾಲಯಕ್ಕೆ ಹೋದರು, ಸೋತರು. ಕಟ್ಟಡ ಕೆಡವಿದ್ದಾಯಿತು; ನೆಲ ವರ್ಷಗಟ್ಟಲೆ ಖಾಲಿ ಬಿದ್ದಿತು. ವಿರೋಧಿಸಿದವರಲ್ಲಿ ಹಳೆಯ ಬಿಳಿಯರಷ್ಟೇ ಇದ್ದರೆಂದು ಭಾವಿಸಬೇಡಿ. ಇಪ್ಪತ್ತು ವರ್ಷ ಹಿಂದೆ ವೀಸಾ ಹಿಡಿದು ಬಂದವರೂ ಇದ್ದರು. ಈ ಮಧ್ಯೆ 2023ರಿಂದ 2031ರ ಒಳಗೆ 4,588 ಮನೆಗಳಿಗೆ ಅವಕಾಶ ಕಲ್ಪಿಸಬೇಕೆಂದು ರಾಜ್ಯ ಈ ಊರಿಗೆ ಗುರಿ ಹಾಕಿಕೊಟ್ಟಿದೆ. ಮನೆ ಕೊಂಡವರಾದರೂ ನಿಶ್ಚಿಂತರೇ? ಒಂದು ದೇಶಕ್ಕೆ ಶೇಕಡ ಏಳು ಎಂಬ ಮಿತಿಯಿಂದಾಗಿ ಗ್ರೀನ್ ಕಾರ್ಡಿಗೆ ದಶಕಗಟ್ಟಲೆ ಕಾಯುವ ಭಾರತೀಯರು ಆ ಬೀದಿಗಳಲ್ಲೇ ಇದ್ದಾರೆ. ಎಳೆಯರಾಗಿ ಬಂದ ಅವರ ಮಕ್ಕಳು ಇಪ್ಪತ್ತೊಂದು ತುಂಬಿದೊಡನೆ ತಂದೆತಾಯಿಯ ಅರ್ಜಿಯ ಆಸರೆಯನ್ನು ಕಳೆದುಕೊಳ್ಳುವ ಭಯದಲ್ಲಿದ್ದಾರೆ.

ಅಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಹಳೆಯ ಕ್ರಯಪತ್ರಗಳಲ್ಲಿನ ಆ ಜನಾಂಗಭೇದದ ಷರತ್ತುಗಳನ್ನು ಹುಡುಕಿ ಅಳಿಸಬೇಕೆಂದು 2021ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಸಾಂಟಾ ಕ್ಲಾರಾ ಕೌಂಟಿಯ ಐವತ್ತು ಲಕ್ಷಕ್ಕೂ ಹೆಚ್ಚಿನ ಹಳೆಯ ದಾಖಲೆಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕಂಪ್ಯೂಟರಿನಿಂದ ಓದಿಸಿದರು. 1950ರ ಹೊತ್ತಿಗೆ ಕೌಂಟಿಯ ನಾಲ್ಕು ಸ್ವತ್ತುಗಳಲ್ಲಿ ಒಂದಕ್ಕೆ ಅಂಥ ಷರತ್ತು ಅಂಟಿಕೊಂಡಿತ್ತೆಂದು 2024ರಲ್ಲಿ ಅಂದಾಜು ಮಾಡಿದರು. ನಿಮ್ಮ ಮನೆ ಎಪ್ಪತ್ತು ವರ್ಷಕ್ಕಿಂತ ಹಳೆಯದಾಗಿದ್ದರೆ ಅದರ ಮೂಲಪತ್ರವನ್ನು ತೆಗೆದು, ಷರತ್ತುಗಳ ಪುಟವನ್ನು ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಅದರಲ್ಲಿ ಏನಿತ್ತೆಂದು ನನಗೆ ಎರಡು ಸಾಲು ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಿದ್ದಿ ಹಿಂದಿರುಗಿಸುತ್ತೇನೆ.